ಮೂರು ಯೂನಿಟ್ಟಿನ ಬೆಲೆ: ಡಬ್ಲಿನ್ನಿನ ಒಂದು ಸೆಮಿ-ಡಿಟ್ಯಾಚ್ಡ್ ಮನೆ ಮತ್ತು ಅದರ ಬಿಇಆರ್ ಪತ್ರ

ಡಬ್ಲಿನ್ನಿನ ಹಳೆಯ ಮನೆಗಳ ಮಹಡಿಯಲ್ಲಿ, ಸಾಮಾನ್ಯವಾಗಿ ಬಚ್ಚಲ ಪಕ್ಕದಲ್ಲೇ, ಒಂದು ಕಪಾಟು ಇರುತ್ತದೆ. ಅಲ್ಲಿನವರು ಅದಕ್ಕೆ ಹಾಟ್ ಪ್ರೆಸ್ ಅನ್ನುತ್ತಾರೆ. ಐರಿಷ್ ಮಾತಿನಲ್ಲಿ ಪ್ರೆಸ್ ಅಂದರೆ ಕಪಾಟು. ಒಳಗೆ ತಾಮ್ರದ ಬಿಸಿನೀರಿನ ಸಿಲಿಂಡರ್ ನಿಂತಿರುತ್ತದೆ, ನಮ್ಮ ಹಂಡೆಯ ದೂರದ ನೆಂಟನ ಹಾಗೆ. ಸಿಲಿಂಡರ್ ಬರಿಮೈಯಲ್ಲಿದ್ದರೆ ಪಕ್ಕದ ಹಲಗೆಯ ಮೇಲಿಟ್ಟ ಟವೆಲ್ ಬೆಚ್ಚಗಿರುತ್ತದೆ, ಅಷ್ಟೇ ಲಾಭ. ಅದಕ್ಕೊಂದು ದಪ್ಪ ಹೊದಿಕೆ ಸುತ್ತಿ, ಬಾಯ್ಲರಿನಿಂದ ಬರುವ ಕೊಳವೆಗೆ ಫೋಮ್ ತೊಡಿಸಿದರೆ ಮನೆಯ ಇಂಧನ ದರ್ಜೆ (ಬಿಇಆರ್) ಸಿ1ರಿಂದ ಬಿ3ಕ್ಕೆ, ಅಂದರೆ ಒಂದು ಮೆಟ್ಟಿಲು ಮೇಲಕ್ಕೆ, ಏರಿಬಿಡುವ ಸಂದರ್ಭಗಳಿವೆ. ಹಾಗೆ ಏರಿದಾಗ ಕೊಳ್ಳುವವರಿಗೆ ಸಿಗುವ ಸಾಲದ ಬಡ್ಡಿದರವೇ ಬದಲಾಗಬಹುದು. ಮನೆಯ ಬೆಲೆಗೂ ಇಂಧನ ಲೇಬಲ್‌ಗೂ ಇರುವ ನಂಟನ್ನು ಈ ಕಪಾಟಿನಿಂದಲೇ ಅಳೆಯಲು ಹೊರಡುವುದು ಅನುಕೂಲ.

ಇಲ್ಲಿ ಬಿಡಿಸಿ ನೋಡುವ ಮನೆ ಲೆಕ್ಕಕ್ಕೆಂದು ಕಟ್ಟಿಕೊಂಡದ್ದು. ಒಂದು ನಿರ್ದಿಷ್ಟ ವಿಳಾಸದ್ದಲ್ಲ. ಆದರೆ ಡಬ್ಲಿನ್ನಿನ ಹೊರವಲಯದಲ್ಲಿ ಇಂಥ ಮನೆಗಳು ಬೀದಿಗಟ್ಟಲೆ ಇವೆ. 1970ರ ದಶಕದ ಮೊದಲ ಭಾಗದಲ್ಲಿ ಕಟ್ಟಿದ, ಒಂದು ಬದಿ ಪಕ್ಕದ ಮನೆಗೆ ಅಂಟಿಕೊಂಡ (ಸೆಮಿ-ಡಿಟ್ಯಾಚ್ಡ್), ಎರಡು ಅಂತಸ್ತಿನ, ಒಟ್ಟು 100 ಚದರ ಮೀಟರ್ ಮನೆ. ಕೇಳುವ ಬೆಲೆ 4,50,000 ಯೂರೊ ಎಂದಿಟ್ಟುಕೊಳ್ಳೋಣ.

ಪತ್ರದಲ್ಲಿ ಏನಿರುತ್ತದೆ

ಬಿಇಆರ್ ಅಂದರೆ ಕಟ್ಟಡದ ಇಂಧನ ದರ್ಜೆ. ಐರ್ಲೆಂಡಿನಲ್ಲಿ ಇದನ್ನು ನಡೆಸುವುದು ಎಸ್‌ಇಎಐ ಎಂಬ ಸರಕಾರಿ ಇಂಧನ ಪ್ರಾಧಿಕಾರ. ಹೊಸ ಮನೆಗಳಿಗೆ 2007ರಿಂದ, ಮಾರುವ ಅಥವಾ ಬಾಡಿಗೆಗೆ ಕೊಡುವ ಎಲ್ಲ ಮನೆಗಳಿಗೆ 2009ರ ಜನವರಿಯಿಂದ ಇದು ಕಡ್ಡಾಯ. 2013ರ ಜನವರಿ 9ರಿಂದ ಜಾಹೀರಾತಿನಲ್ಲೂ ದರ್ಜೆ ತೋರಿಸಲೇಬೇಕು. ಪತ್ರಕ್ಕೆ ಹತ್ತು ವರ್ಷ ಆಯುಸ್ಸು.

ದರ್ಜೆಗಳು ಹದಿನೈದು, ಎ1ರಿಂದ ಜಿವರೆಗೆ. ಅಳತೆಗೋಲು ವರ್ಷಕ್ಕೆ ಒಂದು ಚದರ ಮೀಟರಿಗೆ ಬೇಕಾಗುವ ಪ್ರಾಥಮಿಕ ಶಕ್ತಿ (ಮನೆ ಬಳಸುವ ಇಂಧನದ ಜತೆಗೆ ಅದನ್ನು ತಯಾರಿಸಿ ತಲುಪಿಸುವಾಗ ಪೋಲಾಗುವುದೂ ಸೇರಿ), ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಇಷ್ಟು ಯೂನಿಟ್ ಎಂದು. 100 ದಾಟಿ 125ರೊಳಗೆ ಇದ್ದರೆ ಬಿ2, 125ರಿಂದ 150 ಬಿ3, 150ರಿಂದ 175 ಸಿ1, 225ರಿಂದ 260 ಡಿ1, 260ರಿಂದ 300 ಡಿ2. 450 ದಾಟಿದರೆ ಜಿ. ಲೆಕ್ಕ ಮಾಡುವುದು ಡೀಪ್ ಎಂಬ ತಂತ್ರಾಂಶ. ಮನೆಯಲ್ಲಿ ಇರುವವರು ಯಾರು, ಎಷ್ಟು ಹೊತ್ತು ಹೀಟರ್ ಹಾಕುತ್ತಾರೆ ಎಂಬುದು ಅದಕ್ಕೆ ಬೇಡ. ಚಳಿಗಾಲದಲ್ಲಿ ದಿನಕ್ಕೆ ಎಂಟು ಗಂಟೆ ಹೀಟಿಂಗ್ ಇರುತ್ತದೆ, ಕೂರುವ ಕೋಣೆ 21 ಡಿಗ್ರಿ, ಉಳಿದದ್ದು 18 ಡಿಗ್ರಿ ಎಂದು ಎಲ್ಲ ಮನೆಗೂ ಒಂದೇ ಊಹೆ. ಅಡುಗೆ, ಫ್ರಿಜ್, ಬಟ್ಟೆ ಒಗೆಯುವ ಯಂತ್ರ ಲೆಕ್ಕಕ್ಕಿಲ್ಲ. ಹಾಗಾಗಿ ಬಿಇಆರ್ ನೋಡಿ ತಿಂಗಳ ಬಿಲ್ ಇಷ್ಟೇ ಬರುತ್ತದೆ ಎಂದು ಎಣಿಸಿ ಕೂತವರು ಮೋಸಹೋಗುತ್ತಾರೆ. ಕಾರಿನ ಮೈಲೇಜ್ ಅಂಕಿಯ ಹಾಗೆ ಇದು ಕೂಡ ಹೋಲಿಕೆಗೆ ಮಾತ್ರ.

ಶಾಖ ಎಲ್ಲಿಂದ ಸೋರುತ್ತದೆ

ಮನೆಯ ಅಗಲ 6.25 ಮೀಟರ್, ಆಳ 8 ಮೀಟರ್, ಎತ್ತರ 5 ಮೀಟರ್. ಮುಂದಿನ, ಹಿಂದಿನ ಮತ್ತು ಒಂದು ಪಕ್ಕದ ಗೋಡೆ ಸೇರಿ 102.5 ಚದರ ಮೀಟರ್. ಕಿಟಕಿ ಬಾಗಿಲುಗಳ 20 ಕಳೆದರೆ ಉಳಿಯುವುದು 82.5. ನಡುವೆ ಪೊಳ್ಳು ಬಿಟ್ಟು ಕಟ್ಟಿದ ಎರಡು ಪದರದ ಗೋಡೆ, ಪೊಳ್ಳಿನಲ್ಲಿ ಏನೂ ತುಂಬಿಲ್ಲ. ಆ ಕಾಲದ ಇಂಥ ಗೋಡೆಗೆ ಡೀಪ್ ಹಿಡಿಯುವ ಯು-ಮೌಲ್ಯ 1.78. ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಒಂದು ಚದರ ಮೀಟರಿನಿಂದ 1.78 ವ್ಯಾಟ್ ಹೊರಗೆ ಹೋಗುತ್ತದೆ. 82.5ನ್ನು 1.78ರಿಂದ ಗುಣಿಸಿದರೆ 147 ವ್ಯಾಟ್.

ಅಟ್ಟದಲ್ಲಿ ಹಳೆಯ 100 ಮಿಲಿಮೀಟರ್ ಉಣ್ಣೆ ಹಾಸು ಇದೆ, ಅಲ್ಲಿಂದ 20 ವ್ಯಾಟ್. ನೆಲದಿಂದ 30. ಹಳೆಯ ಡಬಲ್ ಗ್ಲಾಸ್ ಕಿಟಕಿಗೆ ಯು-ಮೌಲ್ಯ 3 ಹಿಡಿದರೆ 60. ಗೋಡೆ-ನೆಲ, ಗೋಡೆ-ಚಾವಣಿ ಕೂಡುವ ಅಂಚುಗಳಲ್ಲಿ ಜಾರಿಹೋಗುವ ಶಾಖಕ್ಕೆ ತಂತ್ರಾಂಶದ ವಾಡಿಕೆಯ ಲೆಕ್ಕ 30. ಗಂಟೆಗೆ 0.8 ಸಲ ಮನೆಯ ಗಾಳಿ ಬದಲಾಗುತ್ತದೆ ಎಂದರೆ ಗಾಳಿಯ ಬಾಬ್ತು 66. ಎಲ್ಲ ಕೂಡಿಸಿದರೆ ಒಂದು ಡಿಗ್ರಿಗೆ 353 ವ್ಯಾಟ್. 100 ಚದರ ಮೀಟರಿಗೆ ಭಾಗಿಸಿದರೆ 3.5. ಇದಕ್ಕೆ ಶಾಖನಷ್ಟ ಸೂಚಿ ಎನ್ನೋಣ, ಮುಂದೆ ಬೇಕಾಗುತ್ತದೆ.

ಹಳೆಯ ಗ್ಯಾಸ್ ಬಾಯ್ಲರ್, ತೆರೆದ ಬೆಂಕಿಗೂಡು, ಬರಿಮೈ ಸಿಲಿಂಡರ್ ಇರುವ ಇಂಥ ಮನೆ ತಂತ್ರಾಂಶದ ಹೊರಗೆ ಮಾಡಿದ ಒರಟು ಲೆಕ್ಕದಲ್ಲಿ 280 ಯೂನಿಟ್ ಸುತ್ತಮುತ್ತ ನಿಲ್ಲುತ್ತದೆ. ಡಿ2.

ಈಗ ಗೋಡೆಯ ಪೊಳ್ಳಿಗೆ ಪಾಲಿಸ್ಟೈರೀನ್ ಮಣಿ ತುಂಬಿಸಿ. ಹೊರಗೋಡೆಯಲ್ಲಿ ಸಾಲಾಗಿ ತೂತು ಕೊರೆದು, ಅಂಟು ಸವರಿದ ಮಣಿಗಳನ್ನು ಕೊಳವೆಯಿಂದ ಊದಿ, ತೂತು ಮುಚ್ಚುತ್ತಾರೆ. ಇಂಥ ಮನೆಗೆ ಒಂದೇ ದಿನದ ಕೆಲಸ. ಯು-ಮೌಲ್ಯ 0.4ರ ಹತ್ತಿರಕ್ಕೆ ಬಂದರೆ ಗೋಡೆಯ 147 ವ್ಯಾಟ್ 33ಕ್ಕೆ ಇಳಿಯುತ್ತದೆ. ಅಟ್ಟದ ಹಾಸನ್ನು 300 ಮಿಲಿಮೀಟರಿಗೆ ಏರಿಸಿದರೆ 20 ಇದ್ದದ್ದು 8. ಒಂದು ತೆರೆದ ಚಿಮಣಿಗೆ ಡೀಪ್ ಗಂಟೆಗೆ 40 ಘನ ಮೀಟರ್ ಗಾಳಿ ಸೋರಿಕೆ ಹಾಕುತ್ತದೆ. ಅದನ್ನು ಮುಚ್ಚಿದರೆ ಗಾಳಿಯ ಬಾಬ್ತು 57ರ ಆಸುಪಾಸಿಗೆ ಬರುತ್ತದೆ. ಒಟ್ಟು 218, ಸೂಚಿ 2.2. ದರ್ಜೆ ಸಿ1-ಸಿ2 ಗಡಿಯ ಹತ್ತಿರ. ಇದರ ಮೇಲೆ ಕಂಡೆನ್ಸಿಂಗ್ ಬಾಯ್ಲರ್ (ಹೊಗೆಯಲ್ಲಿ ಹೋಗುವ ಶಾಖವನ್ನೂ ಹಿಡಿಯುವಂಥದು), ಮಹಡಿಗೂ ಕೆಳಗೂ ಬೇರೆ ಬೇರೆ ಟೈಮರ್, ಸಿಲಿಂಡರಿಗೆ ಹೊದಿಕೆ ಮತ್ತು ಥರ್ಮೋಸ್ಟಾಟ್ ಸೇರಿದರೆ 130ರ ಹತ್ತಿರ, ಬಿ3.

ಒಂದು ಎಚ್ಚರಿಕೆ. ಡಬ್ಲಿನ್ ಸುತ್ತಮುತ್ತಲ ಎಷ್ಟೋ ಮನೆಗಳ ಗೋಡೆ ಹೀಗೆ ಎರಡು ಪದರದ್ದಲ್ಲ, ಹಾಲೋ ಬ್ಲಾಕಿನದು. ಬ್ಲಾಕಿನೊಳಗೆ ಪೊಳ್ಳಿದೆ ನಿಜ, ಆದರೆ ಬ್ಲಾಕಿನ ಅಡ್ಡಗೋಡೆಗಳ ಮೂಲಕ ಶಾಖ ದಾಟಿಹೋಗುವುದರಿಂದ ಅದಕ್ಕೆ ಮಣಿ ತುಂಬಿ ಪ್ರಯೋಜನವಿಲ್ಲ. ಅದಕ್ಕೆ ಹೊರಗಿನಿಂದ ಹೊದಿಸಬೇಕು, ಇಲ್ಲವೆ ಒಳಗಿನಿಂದ ಫಲಕ ಕೂರಿಸಬೇಕು, ಖರ್ಚು ಎಷ್ಟೋ ಪಟ್ಟು. ಒಂದೇ ಬೀದಿಯಲ್ಲಿ ಹೊರಗಿಂದ ಒಂದೇ ಥರ ಕಾಣುವ, ಎರಡೂ ಡಿ2 ಇರುವ ಮನೆಗಳಲ್ಲಿ ಒಂದನ್ನು ಬಿ3 ಮಾಡುವುದು ಸುಲಭ, ಇನ್ನೊಂದು ಜೇಬು ಖಾಲಿ ಮಾಡುತ್ತದೆ. ಕೊಳ್ಳುವವರು ಅಕ್ಷರಕ್ಕಿಂತ ಮೊದಲು ಕೇಳಬೇಕಾದದ್ದು ಗೋಡೆ ಯಾವುದು ಎಂದು.

ಬೆಲೆಯ ಲೆಕ್ಕ

ಮೇರಿ ಹೈಲಂಡ್, ರೋನನ್ ಲಯನ್ಸ್ ಮತ್ತು ಶಾನ್ ಲಯನ್ಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಐರ್ಲೆಂಡಿನ ಮಟ್ಟಿಗೆ ಎಲ್ಲರೂ ಮೊದಲು ಎತ್ತಿಕೊಳ್ಳುವಂಥದು. ಡಿ ದರ್ಜೆಯ ಮನೆಗೆ ಹೋಲಿಸಿದರೆ ಎ ದರ್ಜೆಗೆ ಸುಮಾರು 9%, ಬಿ ದರ್ಜೆಗೆ ಸುಮಾರು 5% ಹೆಚ್ಚು ಬೆಲೆ. ತಳದ ಎಫ್-ಜಿ ಮನೆಗಳಿಗೆ ಸುಮಾರು 10% ಕಡಿಮೆ. ಬಾಡಿಗೆಯಲ್ಲಿ ಎ ದರ್ಜೆಗೆ ಸಿಕ್ಕ ಹೆಚ್ಚಳ ಸುಮಾರು 2% ಮಾತ್ರ. ಮಾರುಕಟ್ಟೆ ಮಂದವಾಗಿದ್ದಾಗ ಲೇಬಲಿನ ಪ್ರಭಾವ ಹೆಚ್ಚು ಎಂಬುದೂ ಅದರಲ್ಲಿ ಕಂಡಿತು. ಸಹಜವೇ: ಹತ್ತು ಜನ ಒಂದು ಮನೆಗೆ ಮುಗಿಬೀಳುವಾಗ ಬಾಯ್ಲರ್ ಯಾವ ಕಾಲದ್ದು ಎಂದು ಯಾರು ಕೇಳುತ್ತಾರೆ?

ಈ 5%ನ್ನು ನಮ್ಮ ಮನೆಗೆ ಹಾಕಿದರೆ 22,500 ಯೂರೊ. ಮಾರಾಟದ ಏಜೆಂಟರು ನಿಲ್ಲುವುದು ಇಲ್ಲಿಗೆ. ಮೂರು ಕಾರಣಕ್ಕೆ ಇಲ್ಲಿ ನಿಲ್ಲಬಾರದು.

ಒಂದು, ಆ ಅಧ್ಯಯನ ನೋಡಿದ್ದು ಜಾಹೀರಾತಿನಲ್ಲಿ ಕೇಳಿದ ಬೆಲೆಯನ್ನು, ಕೈ ಬದಲಾದ ಹಣವನ್ನಲ್ಲ. ಕೈ ಬದಲಾದ ಬೆಲೆಗಳು 2010ರಿಂದ ಸಾರ್ವಜನಿಕ ಬೆಲೆ ದಾಖಲೆಯಲ್ಲಿ ಸಿಗುತ್ತವೆ. ಆದರೆ ಅದರಲ್ಲಿ ಬಿಇಆರ್ ಇಲ್ಲ, ಹಳೆಯ ಮನೆಯ ವಿಸ್ತೀರ್ಣವೂ ಇಲ್ಲ. ಹೊಸ ಮನೆಯ ಬೆಲೆಯನ್ನು ವ್ಯಾಟ್ ತೆರಿಗೆ ಬಿಟ್ಟು ಬರೆದಿರುತ್ತಾರೆ. 4,00,000 ಎಂದು ಕಾಣುವ ಹೊಸ ಮನೆಗೆ 13.5% ಸೇರಿಸಿದರೆ ಕೊಂಡವರು ಕೊಟ್ಟದ್ದು 4,54,000. ಎ2 ದರ್ಜೆಯ ಹೊಸ ಮನೆಯನ್ನೂ ಡಿ2 ದರ್ಜೆಯ ಹಳೆಯ ಮನೆಯನ್ನೂ ಈ ದಾಖಲೆಯಿಂದ ನೇರ ಹೋಲಿಸಿದರೆ ಲೆಕ್ಕ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ.

ಎರಡು, ಜಿ ದರ್ಜೆಯ ಮನೆಯಲ್ಲಿ ಶಾಖ ಮಾತ್ರ ಸೋರುವುದಿಲ್ಲ. ವೈರಿಂಗ್ ಹಳೆಯದು, ಅಡುಗೆಮನೆ ಹಳೆಯದು, ಚಾವಣಿಯೂ ಸೋರುತ್ತಿರಬಹುದು. ಅಂಕಿಅಂಶದ ಮಾದರಿ ಊರು, ಕೋಣೆಗಳ ಸಂಖ್ಯೆ ಇವನ್ನು ಬೇರ್ಪಡಿಸಬಲ್ಲದು. ಗೋಡೆಯ ತೇವ ಅದಕ್ಕೆ ಕಾಣುವುದಿಲ್ಲ. ಜಿ ಮನೆಗೆ ಅಟ್ಟದ ಹಾಸು ಹಾಕಿಸಿ ಇ ದರ್ಜೆ ಮಾಡಿದ ಮಾತ್ರಕ್ಕೆ ಆ 10% ಮರಳಿ ಬರುವುದಿಲ್ಲ.

ಮೂರನೆಯದು ನಮ್ಮ ದೃಷ್ಟಿಯಲ್ಲಿ ಮುಖ್ಯ. ಬೆಲೆ ಏಣಿಯ ಮೆಟ್ಟಿಲಿನ ಹಾಗೆ ಸಮನಾಗಿ ಏರುವುದಿಲ್ಲ, ಹೊಸ್ತಿಲುಗಳಲ್ಲಿ ನೆಗೆಯುತ್ತದೆ. ಐರಿಷ್ ಬ್ಯಾಂಕುಗಳು ಹಸಿರು ಗೃಹಸಾಲ ಎಂದು ಕಡಿಮೆ ಬಡ್ಡಿಗೆ ಕೊಡುವ ಸಾಲಕ್ಕೆ ವಾಡಿಕೆಯ ಗೆರೆ ಬಿ3. 2030ರೊಳಗೆ ಐದು ಲಕ್ಷ ಹಳೆಯ ಮನೆಗಳನ್ನು ಮೇಲೇರಿಸುವ ಸರಕಾರಿ ಗುರಿಯ ಗೆರೆ ಬಿ2. ಈ ಗೆರೆಗಳ ಮೇಲೆ ಹಣ ನಿಂತಿದೆ, ನಡುವಿನ ಅಂತರದ ಮೇಲೆ ಅಲ್ಲ.

ಲೆಕ್ಕ ನೋಡಿ. ಮನೆ 152 ಯೂನಿಟ್‌ನಲ್ಲಿದೆ, ಸಿ1. ಸಿಲಿಂಡರಿಗೆ ಹೊದಿಕೆ ಹಾಕಿದಿರಿ, 149 ಆಯಿತು, ಬಿ3. ಉಳಿದದ್ದು ಚದರ ಮೀಟರಿಗೆ ಮೂರು ಯೂನಿಟ್, ಇಡೀ ಮನೆಗೆ ವರ್ಷಕ್ಕೆ 300. ಗ್ಯಾಸಿನ ಪ್ರಾಥಮಿಕ ಗುಣಕ (ಮನೆಗೆ ಬರುವ ಒಂದು ಯೂನಿಟ್ಟಿಗೆ ಹಿಡಿಯುವ ಪ್ರಾಥಮಿಕ ಶಕ್ತಿ) 1.1ರಿಂದ ಭಾಗಿಸಿದರೆ 273 ಯೂನಿಟ್ ಗ್ಯಾಸ್. ಯೂನಿಟ್ಟಿಗೆ 12 ಸೆಂಟ್ ಹಿಡಿದರೆ 33 ಯೂರೊ. ಅದೇ ಕೊಳ್ಳುವವರು 3,60,000 ಯೂರೊ ಸಾಲ ಮಾಡುತ್ತಾರೆ, ಹಸಿರು ಸಾಲಕ್ಕೆ ಬಡ್ಡಿ ಕಾಲು ಶೇಕಡ ಕಡಿಮೆ ಎಂದುಕೊಳ್ಳಿ. ಮೊದಲ ವರ್ಷವೇ 900 ಯೂರೊ ಉಳಿತಾಯ. ಐದು ವರ್ಷದ ಸ್ಥಿರ ಬಡ್ಡಿಯ ಅವಧಿಯಲ್ಲಿ ನಾಲ್ಕು ಸಾವಿರ ದಾಟುತ್ತದೆ. ಮನೆಯ ಬೆಚ್ಚಗಿನಲ್ಲಿ ಯಾರಿಗೂ ತಿಳಿಯುವಷ್ಟು ವ್ಯತ್ಯಾಸವಿಲ್ಲ, ಪತ್ರದ ಮೇಲಿನ ಅಕ್ಷರ ಮಾತ್ರ ಬೇರೆ.

ಇದು ಅಳೆಯುವವರಿಗೂ ಗೊತ್ತು. ಡಬ್ಲಿನ್ನಿನ ಸಂಶೋಧಕರಾದ ಮ್ಯಾಥ್ಯೂ ಕಾಲಿನ್ಸ್ ಮತ್ತು ಜಾನ್ ಕರ್ಟಿಸ್ ಬಿಇಆರ್ ಪತ್ರಗಳ ರಾಶಿಯನ್ನು ಜಾಲಾಡಿದಾಗ, ದರ್ಜೆಯ ಗೆರೆಯ ಒಳಬದಿಯಲ್ಲೇ ಪತ್ರಗಳು ಇರಬೇಕಾದ್ದಕ್ಕಿಂತ ಹೆಚ್ಚು ಗುಂಪುಗೂಡಿದ್ದು ಕಂಡಿತು. ಎಲ್ಲವೂ ಕೈಚಳಕ ಎಂದಲ್ಲ. ಗೆರೆ ಹತ್ತಿರ ಕಂಡಾಗ ಮನೆಯವರು ಇನ್ನೊಂದಿಷ್ಟು ಕೆಲಸ ಮಾಡಿಸುತ್ತಾರೆ, ಹಳೆಯ ರಸೀದಿ ಹುಡುಕಿ ತೆಗೆಯುತ್ತಾರೆ. ಆದರೂ 149 ಎಂಬ ಅಂಕಿ ಕಂಡರೆ ಕೊಳ್ಳುವವರು ಒಳಗಿನ ವಿವರ ಕೇಳಿ ನೋಡುವುದು ಲೇಸು.

ಇಂಧನ ಉಳಿತಾಯವನ್ನೇ ನೆಚ್ಚಿ ಬೆಲೆ ಕಟ್ಟುವವರಿಗೆ ಇನ್ನೊಂದು ಮಾತು. ಟ್ರಿನಿಟಿ ಕಾಲೇಜಿನ ಬ್ರಯನ್ ಕೊಯ್ನ್ ಮತ್ತು ಎಲೆನರ್ ಡೆನ್ನಿ 2021ರಲ್ಲಿ ತೋರಿಸಿದಂತೆ, ಮನೆಗಳು ನಿಜಕ್ಕೂ ಬಳಸುವ ಇಂಧನ ದರ್ಜೆಯಿಂದ ದರ್ಜೆಗೆ ಪತ್ರ ಹೇಳುವಷ್ಟು ಬದಲಾಗುವುದಿಲ್ಲ. ಕಾರಣ ಊಹಿಸಲು ಕಷ್ಟವಲ್ಲ. ಚಳಿ ಮನೆಯಲ್ಲಿ ಇರುವವರು ಒಂದೇ ಕೋಣೆ ಕಾಯಿಸಿಕೊಂಡು ಸ್ವೆಟರ್ ಹಾಕಿಕೊಂಡು ಕೂರುತ್ತಾರೆ. ಬೆಚ್ಚಗಿನ ಮನೆಯವರು ಇಡೀ ಮನೆ ಕಾಯಿಸುತ್ತಾರೆ. ಡಿ2ರಿಂದ ಬಿ3ಕ್ಕೆ ಬಂದಾಗ ಪತ್ರದ ಪ್ರಕಾರ ಉಳಿಯಬೇಕಾದ ಗ್ಯಾಸಿನಲ್ಲಿ ಒಂದು ಪಾಲು ಹೀಗೆ ಸುಖವಾಗಿ ಖರ್ಚಾಗುತ್ತದೆ. ಅದೂ ಲಾಭವೇ, ಬಿಲ್ಲಿನಲ್ಲಿ ಮಾತ್ರ ಕಾಣುವುದಿಲ್ಲ.

ಕಾಗದ ಇಲ್ಲದಿದ್ದರೆ ಅಂಕ ಇಲ್ಲ

ಅಳೆಯಲು ಬಂದವರು ಗೋಡೆ ಕೊರೆಯುವುದಿಲ್ಲ, ಪ್ಲಾಸ್ಟರ್‌ಬೋರ್ಡ್ ಬಿಚ್ಚುವುದಿಲ್ಲ. ಕಂಡದ್ದನ್ನು, ಕಾಗದದಲ್ಲಿ ಸಾಬೀತಾದದ್ದನ್ನು ಬರೆಯುತ್ತಾರೆ. ಉಳಿದದ್ದಕ್ಕೆ ಮನೆ ಕಟ್ಟಿದ ವರ್ಷದ ಪ್ರಕಾರ ವಾಡಿಕೆಯ ಮೌಲ್ಯ ಹಾಕುತ್ತಾರೆ. ಆ ಮೌಲ್ಯ ಸಾಮಾನ್ಯವಾಗಿ ಮನೆಯ ನಿಜಸ್ಥಿತಿಗಿಂತ ಕೆಟ್ಟದ್ದು. 1.4 ಯು-ಮೌಲ್ಯದ ಒಳ್ಳೆಯ ಕಿಟಕಿ ಹಾಕಿಸಿಯೂ ತಯಾರಕರ ಪ್ರಮಾಣಪತ್ರ ಕಳೆದುಕೊಂಡರೆ ಅದು ಯಾವುದೋ ಸಾಧಾರಣ ಡಬಲ್ ಗ್ಲಾಸ್ ಆಗಿ ದಾಖಲಾಗುತ್ತದೆ. ನಮ್ಮ ಮನೆಯಲ್ಲಿ ಕಿಟಕಿಗಳಿಗೆ 3ರ ಬದಲು 1.4 ಸಿಕ್ಕರೆ 60 ವ್ಯಾಟ್ 28 ಆಗುತ್ತದೆ. ಇಷ್ಟು ಅಂತರ ಒಂದು ಫೈಲಿನಲ್ಲಿ ಅಡಗಿರಬಹುದು.

ಮಾರುವವರು ಕೂಡಿಸಿಡಬೇಕಾದದ್ದು: ಕಿಟಕಿಯ ಬಿಲ್ ಮತ್ತು ಪ್ರಮಾಣಪತ್ರ, ಗೋಡೆ ತುಂಬಿದ ಕಂಪನಿಯ ಪತ್ರ, ಒಳಫಲಕ ಹಾಕಿದ್ದರೆ ಅದರ ದಪ್ಪ ತೋರಿಸುವ ಬಿಲ್, ಬಾಯ್ಲರಿನ ಮಾದರಿ ಸಂಖ್ಯೆ, ಮನೆ ಹಿಗ್ಗಿಸಿದ್ದರೆ ಅದರ ನಕ್ಷೆ.

ಇಂಥ ಕೆಲಸಗಳಿಗೆ ಎಸ್‌ಇಎಐ ಕೊಡುವ ಅನುದಾನದಲ್ಲಿ ಎಡವುವುದು ಬೇರೆ ಕಥೆ. 2022ರ ಫೆಬ್ರುವರಿಯ ಪಟ್ಟಿಯಲ್ಲಿ ಸೆಮಿ-ಡಿಟ್ಯಾಚ್ಡ್ ಮನೆಯ ಅಟ್ಟಕ್ಕೆ 1,300 ಯೂರೊ, ಗೋಡೆ ತುಂಬಲು 1,200, ಹೊರಹೊದಿಕೆಗೆ 6,000, ಹೀಟ್ ಪಂಪಿಗೆ (ಹೊರಗಿನ ಶಾಖವನ್ನು ವಿದ್ಯುತ್ತಿನಿಂದ ಒಳಗೆ ಎಳೆದು ಮನೆ ಕಾಯಿಸುವ ಯಂತ್ರ) 6,500 ಇತ್ತು. ಅಟ್ಟ ಮತ್ತು ಗೋಡೆಯ ಮೊತ್ತವನ್ನು ಸಾಮಾನ್ಯ ಖರ್ಚಿನ 80% ಎಂದು ಆಗ ನಿಗದಿ ಮಾಡಿದ್ದರು. ಅಂದರೆ ಎರಡೂ ಸೇರಿ ಮನೆಯವರ ಕೈಯಿಂದ ಆರು-ಏಳು ನೂರು ಯೂರೊ. ಮೊತ್ತಗಳನ್ನು ಆಗಾಗ ಪರಿಷ್ಕರಿಸುತ್ತಾರೆ, ಅರ್ಜಿ ಹಾಕುವ ದಿನದ ಪಟ್ಟಿಯನ್ನೇ ನೋಡಬೇಕು. ಅಟ್ಟ, ಗೋಡೆಗೆ ಮನೆ 2011ಕ್ಕಿಂತ ಮೊದಲಿನದಾಗಿರಬೇಕು, ಹೀಟ್ ಪಂಪಿಗೆ 2007ಕ್ಕಿಂತ ಮೊದಲಿನದು. ಮಂಜೂರಾತಿ ಪತ್ರ ಬರುವ ಮೊದಲು ಕೆಲಸ ಶುರುಮಾಡಿದರೆ ಹಣವಿಲ್ಲ. ಕೆಲಸ ಮುಗಿದ ಮೇಲೆ ಹೊಸ ಬಿಇಆರ್ ಮಾಡಿಸದಿದ್ದರೂ ಹಣವಿಲ್ಲ.

ಹೀಟ್ ಪಂಪಿಗೆ ಶಾಖನಷ್ಟ ಸೂಚಿ 2.0 ಒಳಗಿರಬೇಕೆಂಬುದು ಆಗಿನ ನಿಯಮ. ನಮ್ಮ ಮನೆ 2.2ರಲ್ಲಿ ನಿಂತಿದೆ. 2.3ರವರೆಗೆ ಸಡಿಲಿಕೆ ಇತ್ತು, ಆದರೆ ಹಾಗಾದರೆ ಗೋಡೆ, ಚಾವಣಿ, ಕಿಟಕಿ ಒಂದೊಂದಕ್ಕೂ ಪ್ರತ್ಯೇಕ ಮಿತಿಯಿತ್ತು, ಹಳೆಯ ಕಿಟಕಿ ಅದರಲ್ಲಿ ತೇರ್ಗಡೆಯಾಗುವುದು ಕಷ್ಟವಿತ್ತು. ಕಿಟಕಿ ಬದಲಿಸಿದರೆ ಒಟ್ಟು 186 ವ್ಯಾಟ್, ಸೂಚಿ 1.9, ದಾರಿ ಸುಗಮ. 20 ಚದರ ಮೀಟರ್ ಕಿಟಕಿ-ಬಾಗಿಲಿಗೆ ಹತ್ತು ಸಾವಿರ ಯೂರೊ ದಾಟುವುದು ಸಾಮಾನ್ಯ. ಮಾರುವುದೇ ನಿಶ್ಚಯವಾಗಿದ್ದರೆ ಈ ಖರ್ಚಿಗೆ ಇಳಿಯಬೇಡಿ ಎಂಬುದೇ ನಮ್ಮ ಸಲಹೆ. ಬಿ3 ಗೆರೆ ಕಿಟಕಿ ಮುಟ್ಟದೆಯೇ ಸಿಗುತ್ತದೆ. ಅಲ್ಲೇ ವಾಸಿಸುವವರಿಗೆ ಮಾತು ಬೇರೆ, ಕಿಟಕಿ ಪಕ್ಕ ಕೂತಾಗ ಬೆನ್ನಿಗೆ ತಾಕುವ ತಣ್ಣನೆಯನ್ನು ಯಾವ ಪತ್ರವೂ ಅಳೆಯುವುದಿಲ್ಲ.

ಕೆಲಸ ಕೆಡುವ ಜಾಗಗಳೂ ಗೊತ್ತಿರುವಂಥವೇ. ಅಟ್ಟದ ಹಾಸನ್ನು ಸೂರಿನ ಅಂಚಿನವರೆಗೆ ಒತ್ತಿ ತುರುಕಿದರೆ ಗಾಳಿಯಾಡದೆ ಮರದ ಮೇಲೆ ಹನಿ ಕಟ್ಟುತ್ತದೆ. 300 ಮಿಲಿಮೀಟರ್ ಹಾಸಿನ ಮೇಲೆ ಹಲಗೆ ಹೊಡೆದು ಸೂಟ್‌ಕೇಸ್ ಪೇರಿಸಿದರೆ ಉಣ್ಣೆ ಚಪ್ಪಟೆಯಾಗಿ ಅರ್ಧ ಗುಣ ಹೋಗುತ್ತದೆ. ಅಟ್ಟ ಈಗ ತಣ್ಣಗಾಗುವುದರಿಂದ ಅಲ್ಲಿನ ನೀರಿನ ತೊಟ್ಟಿ, ಕೊಳವೆಗೂ ಹೊದಿಕೆ ಬೇಕು, ಇಲ್ಲದಿದ್ದರೆ ಜನವರಿಯಲ್ಲಿ ಹೆಪ್ಪುಗಟ್ಟುತ್ತವೆ. ಚಳಿ ಬರುತ್ತದೆಂದು ಗೋಡೆಯ ಗಾಳಿಕಿಂಡಿ ಮುಚ್ಚಿದರೆ ಮೂಲೆಗಳಲ್ಲಿ ಕಪ್ಪು ಬೂಷ್ಟು. ದಿನವೂ ಕುಕ್ಕರ್ ಕೂಗುವ, ಒಳಗೇ ಬಟ್ಟೆ ಒಣಗಿಸುವ ಮನೆಗಳಲ್ಲಿ ಅದು ಇನ್ನೂ ಬೇಗ. ನೋಡಲು ಬಂದವರು ಬೂಷ್ಟು ಕಂಡರೆ ಬಿ3 ಅಕ್ಷರ ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ.

ಕೊಳ್ಳುವ ಬದಿಯಿಂದ

ಡಬ್ಲಿನ್ನಿನ ಹೊರವಲಯದ ಲೂಕನ್, ಬ್ಲಾಂಚರ್ಡ್ಸ್‌ಟೌನ್, ಸ್ವೋರ್ಡ್ಸ್ ಕಡೆ ಮನೆ ಹುಡುಕುವ ಕನ್ನಡಿಗರಿಗೆ ಇದರಲ್ಲಿ ಹೊಸತಾಗಿ ಕಾಣುವುದು ಒಂದೊಂದು ಮನೆಗೂ ಬೇರೆ ಪತ್ರ ಇರುವುದು. ಬೆಂಗಳೂರಿನಲ್ಲಿ ಐಜಿಬಿಸಿ, ಗೃಹ (GRIHA) ಎಂಬ ಹಸಿರು ಕಟ್ಟಡದ ರೇಟಿಂಗ್ ಸಿಗುವುದು ಇಡೀ ಯೋಜನೆಗೆ. ಮರುಮಾರಾಟವಾಗುವ ಫ್ಲ್ಯಾಟಿಗೆ ಇಂಥ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ಯಾರೂ ಕೇಳುವುದಿಲ್ಲ.

ಒಂಬತ್ತು ಅಂಕಿಯ ಬಿಇಆರ್ ಸಂಖ್ಯೆ ಕೈಗೆ ಸಿಕ್ಕರೆ ಎಸ್‌ಇಎಐ ದಾಖಲೆಯಲ್ಲಿ ಯಾರು ಬೇಕಾದರೂ ಪತ್ರ ತೆರೆದು ನೋಡಬಹುದು. ಅಕ್ಷರ ಬಿಟ್ಟು ಯೂನಿಟ್ ಸಂಖ್ಯೆ ನೋಡಿ. 126 ಕೂಡ ಬಿ3, 149 ಕೂಡ ಬಿ3. ಆಮೇಲೆ ಚಾವಣಿಯ ಮೇಲೆ ಸೋಲಾರ್ ಫಲಕ ಇದೆಯೇ ನೋಡಿ. ಫಲಕದ ವಿದ್ಯುತ್ತನ್ನು ಡೀಪ್ ಪ್ರಾಥಮಿಕ ಶಕ್ತಿಯಿಂದ ಕಳೆಯುವುದರಿಂದ ಸೋರುವ ಮನೆಗೂ ಬಿ ದರ್ಜೆ ಬರಬಹುದು. ಫಲಕ ಒಳ್ಳೆಯದೇ, ಆದರೆ ಡಿಸೆಂಬರಿನ ಸಂಜೆ ಐದಕ್ಕೆ ಬೆಚ್ಚಗಿಡುವುದು ಗೋಡೆ. ಇಂಥ ಮನೆಗೆ ಶಾಖನಷ್ಟ ಸೂಚಿ ಎಷ್ಟೆಂದು ಕೇಳಿ ಪಡೆಯಬೇಕು.

ಕೊನೆಗೆ ಪತ್ರದ ತಾರೀಖು. ವಿದ್ಯುತ್ತಿನ ಪ್ರಾಥಮಿಕ ಗುಣಕ ಒಂದು ಕಾಲಕ್ಕೆ 2.7 ಇತ್ತು, ಗಾಳಿ ವಿದ್ಯುತ್ ಹೆಚ್ಚಿದಂತೆ ಇಳಿಯುತ್ತ ಬಂದು ಈಗ 2ಕ್ಕಿಂತ ಕೆಳಗಿದೆ. ವಿದ್ಯುತ್ತಿನಿಂದಲೇ ಕಾಯಿಸುವ ಫ್ಲ್ಯಾಟಿಗೆ ಎಂಟು-ಒಂಬತ್ತು ವರ್ಷದ ಹಿಂದೆ ಬಂದ ದರ್ಜೆ ಇವತ್ತು ಅಳೆದರೆ, ಒಂದು ಮೊಳೆಯನ್ನೂ ಹೊಡೆಯದೆ, ಮೇಲೇರಬಹುದು. ಮಾರುವವರು ಇದನ್ನು ತಿಳಿಯದೆ ಹಳೆಯ ಪತ್ರವನ್ನೇ ಜಾಹೀರಾತಿಗೆ ಹಾಕಿದ್ದರೆ, ಬೆಲೆ ಚೌಕಾಸಿ ಮುಗಿಯುವವರೆಗೆ ಕೊಳ್ಳುವವರು ಆ ಮಾತು ಎತ್ತಬೇಕಾಗಿಲ್ಲ.